ಖರಾಬು ನೆಲದ ಎರೆಭೂತ

ಪಹಣಿ ಪತ್ರ ಕೈಯಲ್ಲಿ ಹಿಡಿದ ಯಾವ ರೈತನಿಗೂ ‘ಖರಾಬು’ ಎಂಬ ಮಾತು ಹೊಸದಲ್ಲ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ಖರಾಬು ಎಂದು ಕಳೆದು, ಉಳಿದದ್ದನ್ನು ಮಾತ್ರ ಸಾಗುವಳಿ ಲೆಕ್ಕಕ್ಕೆ ಹಿಡಿಯುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ. ಕಲ್ಲು, ಕೊರಕಲು, ಹಳ್ಳದ ದಂಡೆ, ಕುರುಚಲು ಹುಲ್ಲಿನ ದಿಬ್ಬ ಎಲ್ಲವೂ ಖರಾಬು. ಯಾರೂ ಉಳದೆ ಬಿಟ್ಟ ಬೀಳು, ಸರ್ಕಾರದ ಕಡತದಲ್ಲಿ ‘ಬಂಜರು’ ಎನಿಸಿಕೊಂಡ ಬಯಲು ಇವೂ ಹೆಚ್ಚುಕಡಿಮೆ ಅದೇ ಜಾತಿಗೆ ಸೇರಿದವು. ಹೀಗೆ ಲೆಕ್ಕಕ್ಕೆ ಬಾರದ ನೆಲವನ್ನೇ ನೆಚ್ಚಿ ಬದುಕಿದ ಹಕ್ಕಿಯೊಂದಿದೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಸೀಮೆಯಲ್ಲಿ ಅದಕ್ಕೆ ಎರೆಭೂತ ಎಂದು ಹೆಸರು. ದೊರವಾಯನ ಹಕ್ಕಿ ಎನ್ನುವವರೂ ಉಂಟು. ಪಕ್ಷಿಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಅದನ್ನು ಹೆಬ್ಬಕ ಎಂದು ಕರೆದಿದ್ದಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್.

ಈ ಹಕ್ಕಿ ಇಂದು ಅಳಿವಿನ ಅಂಚಿನಲ್ಲಿದೆ. ಹೀಗಾಗಲು ಬೇಟೆಗಾರರೇ ಕಾರಣ ಎಂದು ಬಹಳ ಕಾಲ ನಂಬಲಾಗಿತ್ತು. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಬಂದೂಕು ಸುಮ್ಮನಾದ ಮೇಲೂ ಹಕ್ಕಿ ಕಡಿಮೆಯಾಗುತ್ತಲೇ ಹೋಯಿತು. ಉಳಿದರ್ಧ ಕಾರಣ ಹುಡುಕಬೇಕಾದರೆ ಕಾಡಿಗಲ್ಲ, ಕಂದಾಯ ಇಲಾಖೆಯ ದಫ್ತರಕ್ಕೆ ಹೋಗಬೇಕು.

ಕೊಂಬೆ ಕಾಣದ ಕಾಲು

ಹೆಬ್ಬಕ ನೋಡಲು ದೂರಕ್ಕೆ ಸಣ್ಣ ಉಷ್ಟ್ರಪಕ್ಷಿಯಂತೆ ಕಾಣುತ್ತದೆ. ಎತ್ತರ ಸುಮಾರು ಒಂದು ಮೀಟರ್. ನೀಳವಾದ ಬಿಳಿ ಕತ್ತು, ತಲೆಯ ಮೇಲೆ ಕರಿಯ ಟೋಪಿ, ಕಂದು ಬಣ್ಣದ ಬೆನ್ನು, ಗಂಡಿನ ಎದೆಗೆ ಅಡ್ಡಲಾಗಿ ಕರಿಯ ಪಟ್ಟಿ. ಬಲಿತ ಗಂಡು 15 ಕಿಲೋದವರೆಗೆ ತೂಗಬಹುದು. ಹೆಣ್ಣಿನ ತೂಕ ಅದರ ಅರ್ಧಕ್ಕಿಂತಲೂ ಕಡಿಮೆ. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನ ಅತಿ ಭಾರದವುಗಳ ಸಾಲಿಗೆ ಇದು ಸೇರುತ್ತದೆ.

ಇದರ ಕಾಲನ್ನು ಗಮನಿಸಬೇಕು. ಕಾಗೆ, ಗಿಳಿ, ಗುಬ್ಬಿ ಎಲ್ಲಕ್ಕೂ ಕೊಂಬೆಯನ್ನು ಬಿಗಿಯಾಗಿ ಹಿಡಿಯಲು ಹಿಂದಕ್ಕೆ ಚಾಚಿದ ಬೆರಳೊಂದಿರುತ್ತದೆ. ಹೆಬ್ಬಕಕ್ಕೆ ಅದಿಲ್ಲ. ಮುಂದಕ್ಕೆ ಚಾಚಿದ ಮೂರೇ ಬೆರಳು. ಹೀಗಾಗಿ ಮರದ ಮೇಲೆ ಕೂರುವುದು ಇದರ ಹಣೆಯಲ್ಲಿ ಬರೆದಿಲ್ಲ. ಮೇಯುವುದು, ಮಲಗುವುದು, ಮೊಟ್ಟೆ ಇಡುವುದು ಎಲ್ಲವೂ ನೆಲದ ಮೇಲೆ. ಅಪಾಯ ಕಂಡರೆ ಮೊದಲು ನಿಂತು ನೋಡುತ್ತದೆ, ಆಮೇಲೆ ಗಂಭೀರವಾಗಿ ನಡೆದುಹೋಗುತ್ತದೆ, ಅದೂ ಸಾಲದಾದರೆ ಓಡುತ್ತದೆ. ರೆಕ್ಕೆ ಬಿಚ್ಚುವುದು ಕೊನೆಯ ಉಪಾಯ.

ದಟ್ಟ ಕಾಡು ಕಂಡರೆ ಅದಕ್ಕೆ ಆಗದು. ಸುತ್ತ ನಾಲ್ಕು ದಿಕ್ಕಿಗೂ ಕಣ್ಣು ಹರಿಯಬೇಕು. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಬಾರಿಗಿಡ, ಕವಳಿ ಪೊದೆ, ನಡುವೆ ಜೋಳದ ಹೊಲ, ಪಕ್ಕದಲ್ಲಿ ಎರಡು ವರ್ಷ ಬಿತ್ತದೆ ಬಿಟ್ಟ ಬೀಳು ಇದ್ದರೆ ಅದೇ ಅದಕ್ಕೆ ಸ್ವರ್ಗ. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರಿಹಣ್ಣು, ಶೇಂಗಾ, ಕಾಳು ಯಾವುದನ್ನೂ ಬಿಡದು. ಮಳೆಗಾಲದಲ್ಲಿ ಮಿಡತೆ ಹೆಚ್ಚಿದಾಗ ಅದೇ ಮುಖ್ಯ ಊಟ. ಹೊಲದಲ್ಲಿ ಅದು ತಿನ್ನುವ ಕಾಳಿಗಿಂತ ಆರಿಸುವ ಹುಳವೇ ಹೆಚ್ಚು ಎಂಬುದು ಗೊತ್ತಿದ್ದ ಒಕ್ಕಲಿಗರು ಅದನ್ನು ಓಡಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಬೆದೆಯ ಕಾಲದಲ್ಲಿ ಗಂಡು ಮಾಡುವ ಆರ್ಭಟ ನೋಡುವಂಥದ್ದು. ಸುತ್ತಲಿನಿಂದ ಕಾಣುವಂಥ ತುಸು ಎತ್ತರದ ಬೋಳು ದಿಬ್ಬವೊಂದನ್ನು ಆರಿಸಿಕೊಂಡು ವರ್ಷವರ್ಷವೂ ಅಲ್ಲಿಗೇ ಬರುತ್ತದೆ. ಕತ್ತಿನ ಕೆಳಗಿನ ಚೀಲಕ್ಕೆ ಗಾಳಿ ತುಂಬಿಕೊಂಡರೆ ಅದು ಉಬ್ಬಿ ಬಹುತೇಕ ನೆಲಕ್ಕೆ ತಾಗುವಂತೆ ಜೋತುಬೀಳುತ್ತದೆ. ಬಾಲ ಬೆನ್ನ ಮೇಲೆ ಮಡಚಿ ನಿಲ್ಲುತ್ತದೆ, ರೆಕ್ಕೆ ಕೆಳಗೆ ಇಳಿಬೀಳುತ್ತದೆ. ಹಾಗೆ ಜಂಬದಿಂದ ಹೆಜ್ಜೆ ಹಾಕುತ್ತ ಹೊರಡಿಸುವ ಆಳದ ಹೂಂಕಾರ ಅರ್ಧ ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಹಿಂದಿ ಸೀಮೆಯ ಕೆಲವೆಡೆ ಇದಕ್ಕಿರುವ ‘ಹುಕ್ನಾ’ ಎಂಬ ಹೆಸರು ಈ ಸದ್ದಿನಿಂದಲೇ ಬಂದದ್ದು. ಕನ್ನಡದವರು ಭೂತ ಎಂದದ್ದೇಕೆ ಎಂದು ಊಹಿಸುವುದೂ ಕಷ್ಟವಲ್ಲ. ಮುಸ್ಸಂಜೆಯ ಎರೆಹೊಲದಲ್ಲಿ ಆಳೆತ್ತರ ಹುಲ್ಲಿನ ನಡುವಿಂದ ಬಿಳಿಯದೊಂದು ಆಕಾರ ಮೇಲೆದ್ದು ಹೂಂಕರಿಸಿದರೆ ಒಂಟಿಯಾಗಿ ದನ ಹೊಡೆದುಕೊಂಡು ಬರುವವನಿಗೆ ಬೇರೇನು ತೋಚೀತು?

ಈ ಸಂಭ್ರಮವೆಲ್ಲ ಮುಗಿದ ಮೇಲೆ ಗಂಡಿನ ಕೆಲಸವೂ ಮುಗಿಯಿತು. ಗೂಡಿಲ್ಲ. ಹೆಣ್ಣು ಬರಿ ನೆಲದ ಮೇಲೆ, ಹೆಚ್ಚೆಂದರೆ ಒಂದು ಹುಲ್ಲಿನ ಗುತ್ತಿಯ ಮರೆಯಲ್ಲಿ, ಒಂದೇ ಒಂದು ಮೊಟ್ಟೆ ಇಡುತ್ತದೆ. ಮಾಸಲು ಹಸಿರು ಮಿಶ್ರಿತ ಕಂದು ಬಣ್ಣದ ಮೇಲೆ ಗಾಢ ಮಚ್ಚೆಗಳಿರುವ ಆ ಮೊಟ್ಟೆ ಮಣ್ಣಿನೊಂದಿಗೆ ಬೆರೆತುಹೋಗುತ್ತದೆ. ಸುಮಾರು 27 ದಿನ ತಾಯಿ ಒಬ್ಬಳೇ ಕಾವು ಕೂರಬೇಕು. ಮೇಯುತ್ತ ಬಂದ ದನ ತೀರ ಹತ್ತಿರವಾದರೆ ರೆಕ್ಕೆ ಬಿಚ್ಚಿ ಬೆದರಿಸುವುದುಂಟು. ನಾಯಿ, ನರಿ, ಉಡ, ಕಾಗೆ ಎಲ್ಲವೂ ಮೊಟ್ಟೆಯ ಶತ್ರುಗಳೇ. ಮರಿ ಹೊರಬಂದರೆ ಮುಂದಿನ ಬೆದೆಯವರೆಗೂ ತಾಯಿಯ ಹಿಂದೆಯೇ ಅಲೆಯುತ್ತದೆ. ಅದು ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಮೂರು ನಾಲ್ಕು ವರ್ಷ ಬೇಕು. ಕೋಳಿ ಸಾಕಿದ ಯಾರಿಗಾದರೂ ಈ ಲೆಕ್ಕ ಅರ್ಥವಾದೀತು: ವರ್ಷಕ್ಕೆ ಒಂದು ಮೊಟ್ಟೆ, ಅದರಲ್ಲಿ ಉಳಿಯುವುದು ಎಷ್ಟೋ.

ಬಾಬರನಿಂದ ಬಂದೂಕಿನವರೆಗೆ

ಈ ಹಕ್ಕಿಯ ಲಿಖಿತ ಚರಿತ್ರೆ ಶುರುವಾಗುವುದೇ ಅಡುಗೆಮನೆಯಿಂದ. ಮೊಗಲ್ ದೊರೆ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಹಕ್ಕಿಗಳನ್ನು ವಿವರಿಸುವಾಗ ಇದನ್ನು ‘ಖರ್ಚಾಲ್’ ಎಂಬ ಹೆಸರಿನಲ್ಲಿ ಪ್ರಸ್ತಾಪಿಸಿ, ಬೇರೆ ಹಕ್ಕಿಗಳಲ್ಲಿ ಒಂದೊಂದರ ಒಂದೊಂದು ಭಾಗ ರುಚಿ, ಇದರದ್ದು ಎಲ್ಲ ಭಾಗವೂ ರುಚಿ ಎಂಬರ್ಥದ ಪ್ರಶಂಸೆ ಬರೆದಿದ್ದಾನೆ. ಪಾಪದ ಹಕ್ಕಿಗೆ ಅಂಥ ಪ್ರಶಸ್ತಿಪತ್ರ ಬೇಕಿರಲಿಲ್ಲ.

ಬಂದೂಕು ಬಂದ ಮೇಲೆ ಅದು ಶಿಕಾರಿಯ ಹಕ್ಕಿಯಾಯಿತು. ಬಯಲಿನಲ್ಲಿ ಅಡಗಿ ಹತ್ತಿರ ಹೋಗುವುದು ಕಷ್ಟವಾದ್ದರಿಂದ ಹೆಬ್ಬಕವನ್ನು ಹೊಡೆಯುವುದು ಬಿಳಿಯ ಅಧಿಕಾರಿಗಳಿಗೆ ಪ್ರತಿಷ್ಠೆಯ ಮಾತಾಗಿತ್ತು. ಇಂದು ಅಹಲ್ಯಾನಗರ ಎಂದು ಹೆಸರು ಬದಲಾಗಿರುವ ಅಹಮದ್‌ನಗರ ಸೀಮೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬೇಟೆಗಾರ 1809ರಿಂದ 1829ರವರೆಗೆ 961 ಹೆಬ್ಬಕಗಳನ್ನು ಕೊಂದ ದಾಖಲೆಯಿದೆ. ಹಕ್ಕಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು ಅದಾದ ಮೇಲೆ, 1831ರಲ್ಲಿ, ವಿಗರ್ಸ್ ಎಂಬ ಐರಿಷ್ ಪ್ರಾಣಿಶಾಸ್ತ್ರಜ್ಞನಿಂದ. ಅಂದರೆ ಪುಸ್ತಕದಲ್ಲಿ ನೋಂದಣಿಯಾಗುವ ಮೊದಲೇ ಒಂದು ಜಿಲ್ಲೆಯಲ್ಲಿ ಸುಮಾರು ಸಾವಿರ ಹಕ್ಕಿ ಒಬ್ಬನ ಗುಂಡಿಗೆ ಬಲಿಯಾಗಿದ್ದವು.

ಎಲ್ಲ ಬಿಳಿಯರೂ ಬರೀ ಕೊಂದರು ಎನ್ನುವಂತಿಲ್ಲ. ಕಿತ್ತೂರಿನ ಇತಿಹಾಸ ಓದಿದವರಿಗೆ ವಾಲ್ಟರ್ ಎಲಿಯಟ್ ಎಂಬ ಹೆಸರು ಪರಿಚಿತ. 1824ರಲ್ಲಿ ಥ್ಯಾಕರೆ ಹತನಾದಾಗ ಸ್ಟೀವನ್‌ಸನ್ ಜತೆಗೆ ರಾಣಿ ಚೆನ್ನಮ್ಮನ ಕೈಸೆರೆಯಾದ ಕಂಪನಿ ಅಧಿಕಾರಿ ಈತ. ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲೇ ಉಳಿದು ಕನ್ನಡ ಶಾಸನಗಳನ್ನು ಸಂಗ್ರಹಿಸಿದ. ಅಷ್ಟೇ ಆಸಕ್ತಿಯಿಂದ ಇಲ್ಲಿನ ಪ್ರಾಣಿಪಕ್ಷಿಗಳ ವಿವರವನ್ನೂ ಬರೆದಿಟ್ಟ. ‘ದಕ್ಷಿಣ ಮರಾಠಾ ಸೀಮೆ’ ಎಂದು ಆಗ ಕರೆಯುತ್ತಿದ್ದ ಈ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಹಕ್ಕಿಗಳ ಬಗ್ಗೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಸೇನೆಯ ವೈದ್ಯನಾಗಿದ್ದ ಥಾಮಸ್ ಜೆರ್ಡನ್‌ಗೆ ಕೊಟ್ಟ. 1862ರಿಂದ 1864ರವರೆಗೆ ಸಂಪುಟಗಳಲ್ಲಿ ಹೊರಬಂದ ಜೆರ್ಡನ್‌ನ ಭಾರತದ ಪಕ್ಷಿಗಳ ಗ್ರಂಥದಲ್ಲಿ ಹೆಬ್ಬಕಕ್ಕೆ ವಿಸ್ತಾರವಾದ ಜಾಗವೇ ಸಿಕ್ಕಿದೆ. 1879ರಲ್ಲಿ ಹ್ಯೂಮ್ ಮತ್ತು ಮಾರ್ಷಲ್ ಬೇಟೆಹಕ್ಕಿಗಳ ಮೇಲೆ ಪುಸ್ತಕ ತಂದಾಗ ಮೊದಲ ಸಂಪುಟದ ಮೊದಲ ಹಕ್ಕಿಯೇ ಇದು. ಈ ಹ್ಯೂಮ್ ಬೇರೆ ಯಾರೂ ಅಲ್ಲ, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಅದೇ ಎ. ಒ. ಹ್ಯೂಮ್.

ಸ್ವಾತಂತ್ರ್ಯ ಬಂದ ಮೇಲೆ ಜೀಪು ಬಂತು. ಕುದುರೆ, ಎತ್ತಿನ ಗಾಡಿಗಳಲ್ಲಿ ಗಂಟೆಗಟ್ಟಲೆ ಕಾದು ಹೊಡೆಯಬೇಕಾಗಿದ್ದ ಹಕ್ಕಿಯನ್ನು ಬಯಲಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಸಲೀಸಾಯಿತು. ಭಾವನಗರ ರಾಜಮನೆತನದ ಧರ್ಮಕುಮಾರಸಿಂಹಜಿ ಎಂಬ ಪಕ್ಷಿತಜ್ಞರು 1969ರಲ್ಲಿ ದೇಶದಲ್ಲಿ ಉಳಿದಿರುವ ಹೆಬ್ಬಕಗಳು ಸುಮಾರು 1,260 ಎಂದು ಅಂದಾಜು ಮಾಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ ಸಿಂಹಗಳ ಜತೆ ಇದನ್ನೂ ಮೊದಲನೇ ಅನುಸೂಚಿಗೆ ಸೇರಿಸಿ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಕಾನೂನು ಬಂದು ಆರು ವರ್ಷಗಳ ನಂತರ, 1978ರಲ್ಲಿ, ಅಂದಾಜು 745ಕ್ಕೆ ಇಳಿದಿತ್ತು. 2001ರಲ್ಲಿ 600, 2008ರಲ್ಲಿ 300. ಕದ್ದು ಬೇಟೆಯಾಡುವವರು ಇದ್ದೇ ಇದ್ದರು, ನಿಜ. ಆದರೆ ಈ ಇಳಿತಕ್ಕೆ ಅವರೊಬ್ಬರನ್ನೇ ಹೊಣೆ ಮಾಡುವುದು ಕಷ್ಟ.

ಬಂಜರು ಎಂಬ ಬಿರುದು

ಬಯಲನ್ನು ಬಂಜರು ಎಂದವರು ಯಾರು? ಹಳೆಯ ಮೈಸೂರು ಸೀಮೆಯಲ್ಲಿ ಹುಲ್ಲುಗಾವಲಿಗೆ ಮರ್ಯಾದೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯೇ ಇತ್ತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಅರಮನೆಯ ದನಗಳಿಗಾಗಿ ಬಿಟ್ಟ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರಲು ಬಿಡುತ್ತಿದ್ದರು. ದನಕ್ಕಾಗಿ ಮಾಡಿದ ಈ ವ್ಯವಸ್ಥೆಯಲ್ಲಿ ಕೃಷ್ಣಮೃಗ, ತೋಳ, ಬಯಲಿನ ಹಕ್ಕಿಗಳೆಲ್ಲ ಪುಕ್ಕಟೆ ಬದುಕಿದವು.

ಮುಂಬಯಿ ಪ್ರಾಂತದಲ್ಲಿ ಕತೆ ಬೇರೆಯಾಯಿತು. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಪುಣೆಯ ಬಳಿಯ ಇಂದಾಪುರದಲ್ಲಿ ಆರಂಭಿಸಿದ ಹೊಸ ಮಾದರಿಯ ಸರ್ವೆ ಮುಂದಿನ ದಶಕದಲ್ಲಿ ಧಾರವಾಡ ಸೀಮೆಗೂ ಬಂತು. ಪ್ರತಿ ಹೊಲವನ್ನೂ ಸರಪಳಿ ಹಿಡಿದು ಅಳೆದು, ಮಣ್ಣಿನ ಗುಣ ನೋಡಿ, ದರ ಕಟ್ಟಿದರು. ಕಂದಾಯ ಕೊಡುವ ನೆಲ ಒಂದು ಕಡೆ, ಕೊಡದ ನೆಲ ಇನ್ನೊಂದು ಕಡೆ. ಸರ್ವೆಯವರ ದೃಷ್ಟಿಯಲ್ಲಿ ಅದು ತಪ್ಪೇನಲ್ಲ. ಅವರಿಗೆ ಬೇಕಾಗಿದ್ದದ್ದು ಕಂದಾಯ. ತಪ್ಪಾದದ್ದು ಆಮೇಲೆ. ಲೆಕ್ಕಪತ್ರದ ಅನುಕೂಲಕ್ಕಾಗಿ ಹುಟ್ಟಿದ ಪದವನ್ನು ನೆಲದ ಗುಣವೆಂದೇ ನಂಬಿದ್ದು. ‘ಖರಾಬು’ ಎಂದು ಬರೆದಿದೆ, ಹಾಗಾಗಿ ಅದು ಕೆಟ್ಟ ನೆಲ. ಕೆಟ್ಟದ್ದಾದ ಮೇಲೆ ಸುಧಾರಿಸಬೇಕು.

ಸ್ವತಂತ್ರ ಭಾರತ ಈ ಸುಧಾರಣೆಯನ್ನು ಶ್ರದ್ಧೆಯಿಂದಲೇ ಕೈಗೆತ್ತಿಕೊಂಡಿತು. ಹಸಿದ ದೇಶಕ್ಕೆ ಅನ್ನ ಬೇಕಿತ್ತು, ಅದನ್ನು ಹಳಿಯುವಂತಿಲ್ಲ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಬಳ್ಳಾರಿ, ರಾಯಚೂರು ಭಾಗದ ಎಷ್ಟೋ ಎರೆಹೊಲಗಳಲ್ಲಿ ಬಿಳಿಜೋಳ ಹೋಗಿ ಭತ್ತ ಬಂತು. ನೀರು ನಿಂತ ಗದ್ದೆಯಲ್ಲಿ ಎರೆಭೂತಕ್ಕೆ ಕೆಲಸವಿಲ್ಲ. 1950ರಲ್ಲಿ ಆರಂಭವಾದ ವನಮಹೋತ್ಸವ ಪ್ರತಿ ಬೋಳು ದಿಬ್ಬದ ಮೇಲೂ ಮರ ನೆಡುವುದನ್ನು ದೇಶಸೇವೆಯ ಮಟ್ಟಕ್ಕೆ ಏರಿಸಿತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದಾಗ ಇಟ್ಟುಕೊಂಡ ಗುರಿ ವರ್ಷಕ್ಕೆ 50 ಲಕ್ಷ ಹೆಕ್ಟೇರಿನಲ್ಲಿ ಗಿಡ ನೆಡುವುದು. ಮರ ಬೆಳೆದ ಬಯಲಲ್ಲಿ ಗಂಡು ಹೆಬ್ಬಕ ಯಾರಿಗೆ ಕಾಣುವಂತೆ ಕುಣಿಯಬೇಕು?

ರಾಣೆಬೆನ್ನೂರಿನ ನೀಲಗಿರಿ

ಇದಕ್ಕೆ ಕನ್ನಡನಾಡಿನ ಉದಾಹರಣೆ ರಾಣೆಬೆನ್ನೂರು. ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಈ ತಾಲ್ಲೂಕಿನ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳ ನಡುವೆ ಎರೆಭೂತಗಳೂ ಇದ್ದವು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ, ಧಾರವಾಡದ ಪಕ್ಷಿವೀಕ್ಷಕ ಜೆ. ಸಿ. ಉತ್ತಂಗಿ ಅವರಂಥವರು ಅವುಗಳನ್ನು ಗಮನಿಸಿ ಬರೆದರು. 1974ರಲ್ಲಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಆದರೆ ಅಭಯಾರಣ್ಯದ ಬಹುಭಾಗದಲ್ಲಿ ಅಷ್ಟರಲ್ಲೇ ನೀಲಗಿರಿ ನೆಡುತೋಪುಗಳು ಎದ್ದಿದ್ದವು. ಅರಣ್ಯ ಎಂದ ಮೇಲೆ ಮರ ಇರಬೇಕಲ್ಲವೇ ಎಂಬ ತರ್ಕ. ಕೃಷ್ಣಮೃಗ ಹೊಂದಿಕೊಂಡಿತು, ಹಗಲು ತೋಪಿನ ನೆರಳಿನಲ್ಲಿ ಮಲಗಿ ರಾತ್ರಿ ಹೊಲಕ್ಕೆ ಹೋಗುವುದನ್ನು ಕಲಿಯಿತು. ಎರೆಭೂತಕ್ಕೆ ಆ ಜಾಣತನ ಇರಲಿಲ್ಲ. ಕ್ರಮೇಣ ಅದು ಕಾಣಿಸುವುದು ಅಪರೂಪವಾಗಿ, ಕಡೆಗೆ ನಿಂತೇಹೋಯಿತು.

ವಿಚಿತ್ರವೆಂದರೆ ಅದೇ ಜಿಲ್ಲೆಯ ಜನ ಬೇರೊಂದು ಕಾರಣಕ್ಕೆ ನೀಲಗಿರಿಯ ವಿರುದ್ಧ ಎದ್ದು ನಿಂತಿದ್ದರು. 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದಲ್ಲಿ ಗ್ರಾಮಸ್ಥರು ಸಾರ್ವಜನಿಕ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಅವರ ಕೂಗು ಮೇವಿನದು, ಸೌದೆಯದು, ಗೋಮಾಳದ ಹಕ್ಕಿನದು. ಹಕ್ಕಿಯ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಆದರೂ ಸರ್ಕಾರ ಬಂಜರು ಎಂದ ನೆಲ ಬಂಜರಲ್ಲ ಎಂದು ಅಷ್ಟು ಗಟ್ಟಿಯಾಗಿ ಹೇಳಿದವರು ಅವರೇ.

ಎಲ್ಲ ದೋಷವನ್ನೂ ಮರದ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಹಕ್ಕಿಯನ್ನು ಉಳಿಸಲು ಹೊರಟವರೂ ಎಡವಿದ್ದಾರೆ. ನೆರೆಯ ಸೊಲ್ಲಾಪುರದ ನಾನ್ನಜ್ ಬಳಿ ಹೆಬ್ಬಕಗಳು ಪತ್ತೆಯಾದದ್ದು 1970ರ ದಶಕದ ಆರಂಭದಲ್ಲಿ. ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಅಲ್ಲಿ ಘೋಷಿಸಿದ ‘ಮಾಳಢೋಕ್’ ಅಭಯಾರಣ್ಯದ ವಿಸ್ತೀರ್ಣ ಬರೋಬ್ಬರಿ 8,496 ಚದರ ಕಿಲೋಮೀಟರ್. ಹೊಲ, ಮನೆ, ಪೇಟೆ ಎಲ್ಲವೂ ಅದರೊಳಗೆ. ಅಂಥ ಅಭಯಾರಣ್ಯವನ್ನು ಕಾಯುವವರು ಯಾರು? ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಹೆಬ್ಬಕಕ್ಕಾಗಿಯೇ ಅಭಯಾರಣ್ಯ ಆಯಿತು. ಅದರೊಳಗೆ ಸಿಕ್ಕಿಬಿದ್ದ ಹಳ್ಳಿಯವರಿಗೆ ತಮ್ಮ ಜಮೀನನ್ನೇ ಮಾರಲಾಗದ ಸ್ಥಿತಿ. ಹೆಚ್ಚಿದ ಕೃಷ್ಣಮೃಗಗಳು ಪೈರು ಮೇಯತೊಡಗಿದವು. ಅದುವರೆಗೆ ಹೊಲದಲ್ಲಿ ಹಕ್ಕಿಯನ್ನು ಸಹಿಸಿಕೊಂಡಿದ್ದ ಜನ ಅದೇ ಹಕ್ಕಿಯನ್ನು ಶನಿ ಎಂದು ಭಾವಿಸಿದರು. 1990ರ ದಶಕದ ಮಧ್ಯದ ಹೊತ್ತಿಗೆ ಕರೇರಾದಲ್ಲಿ ಒಂದು ಹೆಬ್ಬಕವೂ ಉಳಿಯಲಿಲ್ಲ.

ಅಂದಹಾಗೆ, ಈ ಹಕ್ಕಿ ರಾಷ್ಟ್ರಪಕ್ಷಿಯಾಗುವ ಸಾಧ್ಯತೆಯೂ ಒಮ್ಮೆ ಇತ್ತು. ಪಕ್ಷಿತಜ್ಞ ಸಲೀಂ ಅಲಿ ಹೆಬ್ಬಕದ ಪರ ವಾದಿಸಿದ್ದರು. ದೇಶದ್ದೇ ಆದ, ಗಮನ ಸೆಳೆಯುವ, ರಕ್ಷಣೆ ತುರ್ತಾಗಿ ಬೇಕಾದ ಹಕ್ಕಿ ಎಂಬುದು ಅವರ ಲೆಕ್ಕ. 1963ರಲ್ಲಿ ಪಟ್ಟ ದಕ್ಕಿದ್ದು ನವಿಲಿಗೆ. ‘ಬಸ್ಟರ್ಡ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಬೈಗುಳವಾಗುತ್ತದೆ ಎಂಬ ಅಂಜಿಕೆಯೇ ಕಾರಣ ಎಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ. ನಿಜವೋ ಸುಳ್ಳೋ, ಕತೆ ಸ್ವಾರಸ್ಯವಾಗಿದೆ. ಎರೆಭೂತ ಎಂಬ ಕನ್ನಡ ಹೆಸರಿಗೆ ಆ ಭಯ ಇರಲಿಲ್ಲ.

ಜೈಸಲ್ಮೇರಿನ ತಂತಿ

ಇವತ್ತು ಹೆಬ್ಬಕದ ದೊಡ್ಡ ಆಸರೆ ರಾಜಸ್ಥಾನದ ಥಾರ್ ಮರುಭೂಮಿ. ಅಲ್ಲಿ ಅದು ‘ಗೋಡಾವಣ್’. 1970ರ ದಶಕದ ಕೊನೆಯಲ್ಲಿ ಅರಬ್ ರಾಜಕುಮಾರನೊಬ್ಬನ ತಂಡ ಗಿಡುಗಗಳೊಂದಿಗೆ ಜೈಸಲ್ಮೇರಿಗೆ ಬೇಟೆಗೆ ಬಂದಾಗ ರಾಜಸ್ಥಾನದ ಜನ ಬೀದಿಗಿಳಿದು ಪ್ರತಿಭಟಿಸಿದರು. 1980ರಲ್ಲಿ ಜೈಪುರದಲ್ಲಿ ಈ ಕುಲದ ಹಕ್ಕಿಗಳ ಬಗ್ಗೆ ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. 1981ರಲ್ಲಿ ಗೋಡಾವಣ್ ರಾಜ್ಯಪಕ್ಷಿಯಾಯಿತು. ಇಷ್ಟೆಲ್ಲ ಆದ ಮೇಲೆ ಅಲ್ಲಾದರೂ ಅದು ನೆಮ್ಮದಿಯಾಗಿರಬೇಕಿತ್ತು.

ಆದರೆ ಬಿಸಿಲು, ಗಾಳಿ ಎರಡೂ ಧಾರಾಳವಾಗಿರುವ ಆ ‘ಬಂಜರು’ ನೆಲದಲ್ಲಿ ಸೌರಫಲಕ, ಗಾಳಿಯಂತ್ರಗಳು ಸಾಲುಸಾಲಾಗಿ ಬಂದವು. ಅವುಗಳ ಹಿಂದೆ ವಿದ್ಯುತ್ ತಂತಿಗಳು. ಇಲ್ಲಿ ಹಕ್ಕಿಯ ಕಣ್ಣಿನ ರಚನೆ ಅದಕ್ಕೆ ಮುಳುವಾಯಿತು. ಶತ್ರುವನ್ನು ಎಲ್ಲ ಕಡೆಯಿಂದಲೂ ಗಮನಿಸಲು ಬೇಕಾದ ಹಾಗೆ ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ನೇರ ಮುಂದಿನ ನೋಟ ಬಹಳ ಕಿರಿದು. ಹಾರುವಾಗ ತಲೆ ಬಗ್ಗಿಸಿ ನೆಲ ನೋಡಿದರಂತೂ ಮುಂದೇನಿದೆ ಎಂಬುದೇ ಕಾಣದು. ತಂತಿ ಕಣ್ಣಿಗೆ ಬೀಳುವ ಹೊತ್ತಿಗೆ ಹತ್ತು ಹದಿನೈದು ಕಿಲೋ ಭಾರದ ದೇಹವನ್ನು ಗಕ್ಕನೆ ತಿರುಗಿಸಲು ಆಗುವುದಿಲ್ಲ. ಥಾರ್‌ನಲ್ಲಿ ವರ್ಷಕ್ಕೆ ಸುಮಾರು 18 ಹೆಬ್ಬಕಗಳು ತಂತಿಗೆ ಬಡಿದು ಸಾಯುತ್ತಿರಬಹುದು ಎಂದು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತು. ಆ ವೇಳೆಗೆ ದೇಶದಲ್ಲೇ ಉಳಿದಿದ್ದವು ಸುಮಾರು 150.

1972ರ ಕಾಯ್ದೆ ರೂಪಿಸಿದವರಲ್ಲಿ ಪ್ರಮುಖರಾದ ಎಂ. ಕೆ. ರಂಜಿತ್‌ಸಿಂಹ್ 2019ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2021ರ ಏಪ್ರಿಲ್‌ನಲ್ಲಿ ಕೋರ್ಟು ಹೆಬ್ಬಕದ ನೆಲೆಗಳಲ್ಲಿ ತಂತಿಗಳನ್ನು ಸಾಧ್ಯವಾದೆಡೆ ನೆಲದಡಿಗೆ ಹಾಕಬೇಕು ಎಂದಿತು. ಸುಮಾರು 99,000 ಚದರ ಕಿಲೋಮೀಟರಿಗೆ ಅನ್ವಯವಾಗುತ್ತಿದ್ದ ಆ ಆದೇಶ ಕಾರ್ಯಸಾಧ್ಯವಲ್ಲ, ಕಲ್ಲಿದ್ದಲು ಬಿಟ್ಟು ಸೌರವಿದ್ಯುತ್ತಿಗೆ ಹೋಗುವ ದೇಶದ ಬದ್ಧತೆಗೂ ಅಡ್ಡಿ ಎಂದು ಕೇಂದ್ರ ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ಕೋರ್ಟು ಆ ಆದೇಶವನ್ನು ಹಿಂಪಡೆದು ತಜ್ಞರ ಸಮಿತಿ ನೇಮಿಸಿತು. ಸಮಿತಿಯ ಶಿಫಾರಸನ್ನು ಒಪ್ಪಿ 2025ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ಆದ್ಯತೆಯ ಪ್ರದೇಶವನ್ನು ರಾಜಸ್ಥಾನದಲ್ಲಿ 14,013 ಚದರ ಕಿಲೋಮೀಟರ್, ಗುಜರಾತಿನಲ್ಲಿ 740 ಚದರ ಕಿಲೋಮೀಟರ್ ಎಂದು ನಿಗದಿ ಮಾಡಲಾಗಿದೆ. ಹಿಂದೆ ಮರ ನೆಡುವುದು ಪುಣ್ಯದ ಕೆಲಸವಾಗಿತ್ತು. ಈಗ ಹೊಗೆಯಿಲ್ಲದ ವಿದ್ಯುತ್ತೂ ಪುಣ್ಯದ ಕೆಲಸವೇ. ಎರಡಕ್ಕೂ ಜಾಗ ತೋರಿಸಿದ್ದು ಅದೇ ಖರಾಬು ನೆಲ.

ಕೊನೆಯ ಯತ್ನವಾಗಿ ಜೈಸಲ್ಮೇರ್ ಜಿಲ್ಲೆಯ ಸಮ್‌ನಲ್ಲಿ 2019ರಲ್ಲಿ ಸಂವರ್ಧನಾ ಕೇಂದ್ರ ಶುರುವಾಯಿತು. ಬಯಲಿನಿಂದ ಮೊಟ್ಟೆಗಳನ್ನು ತಂದು ಯಂತ್ರದ ಕಾವಿನಲ್ಲಿ ಮರಿ ಮಾಡಿಸುವುದು, ಅವು ಬೆಳೆದು ಮರಿ ಹಾಕುವಂತೆ ಸಾಕುವುದು ಅದರ ಕೆಲಸ. ಇದಕ್ಕೆ ತಾಂತ್ರಿಕ ನೆರವು ಕೊಟ್ಟದ್ದು ಅಬುಧಾಬಿಯ ಹುಬಾರಾ ಸಂರಕ್ಷಣಾ ನಿಧಿ. ಹುಬಾರಾ ಎಂಬುದು ಹೆಬ್ಬಕದ ಚಿಕ್ಕ ದಾಯಾದಿ. ಅರಬರ ಗಿಡುಗ ಬೇಟೆಗೆ ಅಚ್ಚುಮೆಚ್ಚಿನ ಹಕ್ಕಿ. ಬೇಟೆಯಾಡಿ ಮುಗಿಸಿದ ಮೇಲೆ ಅದನ್ನು ಸಾಕಿ ಬೆಳೆಸುವ ವಿದ್ಯೆಯನ್ನು ಅವರು ಕಲಿಯಬೇಕಾಗಿ ಬಂದಿತ್ತು. ಅಂದು ಯಾರನ್ನು ಹಿಂದಿರುಗಿ ಎಂದು ಜೈಸಲ್ಮೇರಿನ ಜನ ಕೂಗಿದ್ದರೋ, ಅದೇ ಸೀಮೆಯಿಂದ ನಲವತ್ತು ವರ್ಷಗಳ ನಂತರ ಮರಿ ಮಾಡಿಸುವ ಜ್ಞಾನ ಬಂತು. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂದಿತು. ಆ ಹೊತ್ತಿಗೆ ಸಂವರ್ಧನಾ ಕೇಂದ್ರಗಳಲ್ಲಿದ್ದ ಹಕ್ಕಿಗಳು ನಲವತ್ತಕ್ಕೂ ಹೆಚ್ಚು.

ಗುಜರಾತಿನ ಕಛ್‌ನಲ್ಲಿ ಪರಿಸ್ಥಿತಿ ಇದಕ್ಕಿಂತ ಕಷ್ಟದ್ದು. ಅಲ್ಲಿ ಕಡೆಯ ಗಂಡು 2018ರ ಸುಮಾರಿಗೆ ಕಣ್ಮರೆಯಾಗಿ ಕೆಲವು ಹೆಣ್ಣುಗಳಷ್ಟೇ ಉಳಿದವು. 2020ರಲ್ಲಿ ಅದೇ ರಾಜ್ಯದ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಕುರಿತ ವಿಶ್ವ ಸಮ್ಮೇಳನ ನಡೆದಾಗ ಅದರ ಲಾಂಛನ ‘ಗಿಬಿ’ ಎಂಬ ನಗುಮುಖದ ಹೆಬ್ಬಕ.

ಸಿರುಗುಪ್ಪದ ಹೊಲ

ರಾಣೆಬೆನ್ನೂರಿನಲ್ಲಿ ಕಳೆದುಹೋದ ಹಕ್ಕಿ ಕರ್ನಾಟಕದಿಂದಲೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ, 2000ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಒಂದೆಡೆ ತುಂಗಭದ್ರೆಯ ನೀರು ಕುಡಿದ ಭತ್ತದ ಗದ್ದೆ, ಇನ್ನೊಂದೆಡೆ ಕಾಲುವೆ ಮುಟ್ಟದ ಒಣಬೇಸಾಯದ ಬಯಲು. ಹಕ್ಕಿ ಉಳಿದದ್ದು ಈ ಎರಡನೆಯದರಲ್ಲಿ. ಅದು ಅಭಯಾರಣ್ಯವಲ್ಲ, ರೈತರ ಪಟ್ಟಾ ಜಮೀನು. ಅಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ತಂಗುತ್ತದೆ. ಕುರಿ ಮೇಯ್ದ ಹುಲ್ಲು ಗಿಡ್ಡವಾಗುತ್ತದೆ, ಗೊಬ್ಬರಕ್ಕೆ ಹುಳ ಬರುತ್ತದೆ, ಹುಳಕ್ಕೆ ಹಕ್ಕಿ ಬರುತ್ತದೆ. ಕರ್ನಾಟಕದಲ್ಲಿ ಹತ್ತಕ್ಕಿಂತ ಕಡಿಮೆ ಹೆಬ್ಬಕಗಳಿವೆ ಎಂದು ಕೇಂದ್ರ ಸರ್ಕಾರ ಹೇಳಿದ್ದುಂಟು.

ಕರೇರಾದ ಅನುಭವ ಗೊತ್ತಿರುವವರು ಇಲ್ಲಿ ಬೇಲಿ ಹಾಕಿ ಎನ್ನಲಾರರು. ರೈತನಿಗೆ ಬೀಳು ಬಿಡುವುದೆಂದರೆ ಒಂದು ವರ್ಷದ ಆದಾಯ ಬಿಟ್ಟಂತೆ. ಕೊಳವೆಬಾವಿ ಕೊರೆಸಿದವನು ಮೆಣಸಿನಕಾಯಿ ಹಾಕುತ್ತಾನೆ, ಹುಳಕ್ಕೆ ಔಷಧಿ ಹೊಡೆಯುತ್ತಾನೆ. ಅವನನ್ನು ದೂರುವುದು ಸುಲಭ, ಆ ಒಂದು ವರ್ಷದ ನಷ್ಟ ತುಂಬಿಕೊಡುವವರು ಯಾರು ಎಂಬುದು ಕಷ್ಟದ ಪ್ರಶ್ನೆ. ಮುಂಗಾರಿನ ಹದ ನೋಡಿ ಎತ್ತು, ಟ್ರ್ಯಾಕ್ಟರು ಹೊಲಕ್ಕೆ ಇಳಿಯುವ ಹೊತ್ತಿಗೇ ಹೆಣ್ಣು ಹಕ್ಕಿ ಮೊಟ್ಟೆಗೆ ಜಾಗ ಹುಡುಕುತ್ತಿರುತ್ತದೆ. ಬಿತ್ತುವ ಹೊಲದಲ್ಲಿ ಇಟ್ಟರೆ ಕುಂಟೆಯ ಬಾಯಿಗೆ ಹೋಗುತ್ತದೆ. ಪಕ್ಕದ ಹೊಲ ಆ ವರ್ಷ ಬೀಳು ಬಿದ್ದಿದ್ದರೆ ಅಲ್ಲಿ ಒಂದು ಹುಲ್ಲಿನ ಗುತ್ತಿ ಸಿಗುತ್ತದೆ, ಇಪ್ಪತ್ತೇಳು ದಿನ ಯಾರೂ ಆ ಕಡೆ ಹಾಯುವುದಿಲ್ಲ.